ತೆಂಗಿನ ಸೀಮೆಗೆ ತಂತ್ರಜ್ಞಾನ ಬರುವ ದಾರಿ

ಅಭಿವೃದ್ಧಿಶೀಲ ರಾಷ್ಟ್ರಗಳಿಗೆ ತಂತ್ರಜ್ಞಾನದ ವರ್ಗಾವಣೆಯಾಗಬೇಕು ಎಂಬ ಮಾತು ಸುಮಾರು ಅರ್ಧ ಶತಮಾನದಿಂದ ಅಂತಾರಾಷ್ಟ್ರೀಯ ವೇದಿಕೆಗಳಲ್ಲಿ ಕೇಳಿಬರುತ್ತಿದೆ. ವಿಶ್ವಸಂಸ್ಥೆಯ ವ್ಯಾಪಾರ ಮತ್ತು ಅಭಿವೃದ್ಧಿ ಸಮ್ಮೇಳನದ ಆಶ್ರಯದಲ್ಲಿ 1970ರ ದಶಕದಲ್ಲಿ ಇದಕ್ಕಾಗಿ ಒಂದು ನೀತಿಸಂಹಿತೆಯನ್ನು ರೂಪಿಸುವ ಮಾತುಕತೆ ಆರಂಭವಾಯಿತು. ಶ್ರೀಮಂತ ದೇಶಗಳಿಗೂ ಉಳಿದವರಿಗೂ ಹೊಂದಾಣಿಕೆಯಾಗದೆ 1985ರ ಹೊತ್ತಿಗೆ ಅದು ನಿಂತೇಹೋಯಿತು. 1995ರಲ್ಲಿ ವಿಶ್ವ ವ್ಯಾಪಾರ ಸಂಘಟನೆ ಅಸ್ತಿತ್ವಕ್ಕೆ ಬಂದಾಗ ಬೌದ್ಧಿಕ ಆಸ್ತಿಯ ಒಪ್ಪಂದದಲ್ಲಿ ತಂತ್ರಜ್ಞಾನ ವರ್ಗಾವಣೆಯನ್ನು ಪ್ರೋತ್ಸಾಹಿಸುವ ಒಂದು ವಿಧಿ ಸೇರಿತಾದರೂ ಅದು ಅತ್ಯಂತ ಹಿಂದುಳಿದ ರಾಷ್ಟ್ರಗಳಿಗೆ ಮಾತ್ರ ಅನ್ವಯ. ಭಾರತ ಆ ಪಟ್ಟಿಯಲ್ಲಿಲ್ಲ. ಆದ್ದರಿಂದ ಯಾರೋ ಕರುಣೆಯಿಂದ ನಮಗೆ ವಿದ್ಯೆ ಕೊಟ್ಟಾರು ಎಂದು ಕಾಯುವುದರಲ್ಲಿ ಅರ್ಥವಿಲ್ಲ.

ಜಿನೀವಾದ ಈ ವಿಚಾರಕ್ಕೂ ತಿಪಟೂರಿನ ಕೊಬ್ಬರಿ ಮಂಡಿಗೂ ಏನು ಸಂಬಂಧ ಎಂದು ಸದಸ್ಯ ಮಿತ್ರರು ಕೇಳಬಹುದು. ತಂತ್ರಜ್ಞಾನ ಒಂದು ದೇಶದಿಂದ ಇನ್ನೊಂದು ದೇಶಕ್ಕೆ ಸುಲಭವಾಗಿ ಹರಿಯದಿರಲು ಇರುವ ಕಾರಣಗಳೇ ಮೈಸೂರಿನ ಪ್ರಯೋಗಾಲಯದಿಂದ ಕಿಬ್ಬನಹಳ್ಳಿ ಕ್ರಾಸಿನ ಕಾರ್ಖಾನೆಗೆ ಅದು ಹರಿಯದಿರಲೂ ಕಾರಣವಾಗಿವೆ. ಪೇಟೆಂಟು, ಪರವಾನಗಿ, ವಿದೇಶಿ ವಿನಿಮಯ ಯಾವುದೂ ಅಡ್ಡವಿಲ್ಲದ, ಮೂರು ನಾಲ್ಕು ಗಂಟೆಯ ಪ್ರಯಾಣದಷ್ಟೇ ದೂರವಿರುವ ವಿದ್ಯೆಯೂ ನಮ್ಮಲ್ಲಿಗೆ ಬಂದಿಲ್ಲವೆಂದಾದರೆ ತೊಡಕು ಬೇರೆಲ್ಲೋ ಇದೆ. ಆ ತೊಡಕಿನ ಬಗ್ಗೆ ನನ್ನ ಅಭಿಪ್ರಾಯವನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಅಟ್ಟದ ಮೇಲಿನ ವಿದ್ಯೆ

ಮೊದಲು ಒಂದು ವಿಷಯವನ್ನು ಹೆಮ್ಮೆಯಿಂದಲೇ ಹೇಳಬೇಕು. ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ತಾಲ್ಲೂಕುಗಳ ಉಂಡೆ ಕೊಬ್ಬರಿಯ ವಿದ್ಯೆಯನ್ನು ನಮಗೆ ಯಾರೂ ವರ್ಗಾಯಿಸಲಿಲ್ಲ. ಚೆನ್ನಾಗಿ ಬಲಿತ ಕಾಯಿಯನ್ನು ಸುಲಿಯದೆ ಅಟ್ಟಕ್ಕೇರಿಸಿ ಎಂಟರಿಂದ ಹನ್ನೆರಡು ತಿಂಗಳು ಬಿಟ್ಟು, ಒಳಗಿನ ನೀರು ತಾನಾಗಿ ಇಂಗಿ, ತಿರುಳು ಚಿಪ್ಪಿನಿಂದ ಬಿಡಿಸಿಕೊಂಡು ಉಂಡೆಯಾಗುವವರೆಗೆ ಕಾಯುವ ಈ ಪದ್ಧತಿ ಇಲ್ಲಿನ ಒಣ ಹವೆ, ಇಲ್ಲಿನ ಎತ್ತರದ ತಳಿ, ಇಲ್ಲಿನ ರೈತರ ತಾಳ್ಮೆ ಮೂರೂ ಸೇರಿ ಹುಟ್ಟಿದ್ದು. ಕಾಯಿಯನ್ನು ಕಿವಿಯ ಬಳಿ ಅಲುಗಿಸಿ ಒಳಗೆ ಕೊಬ್ಬರಿ ಕಟ್ಟಿದೆಯೋ ಇಲ್ಲವೋ ಹೇಳಬಲ್ಲ ಹಿರಿಯರು ಪ್ರತಿ ಹಳ್ಳಿಯಲ್ಲೂ ಇದ್ದಾರೆ. ಚಿಪ್ಪು ಒಡೆಯುವಾಗ ಉಂಡೆಗೆ ಏಟು ಬೀಳದಂತೆ ನೋಡಿಕೊಳ್ಳುವ ಹೆಣ್ಣುಮಕ್ಕಳ ಕೈಚಳಕಕ್ಕೆ ಸರಿಸಾಟಿಯಾದ ಯಂತ್ರವನ್ನು ನಾನಂತೂ ನೋಡಿಲ್ಲ. ತಿಪಟೂರು ಟಾಲ್ ಎಂಬ ಹೆಸರಿನಲ್ಲಿ ನಮ್ಮ ತಳಿಗೆ ಸಂಶೋಧನಾ ಕೇಂದ್ರಗಳ ದಾಖಲೆಯಲ್ಲಿ ಪ್ರತ್ಯೇಕ ಸ್ಥಾನ ದೊರೆತಿದೆ. ಕೇರಳದ ಕೊಬ್ಬರಿ ಹೆಚ್ಚಾಗಿ ಗಾಣಕ್ಕೆ ಹೋದರೆ, ನಮ್ಮ ಉಂಡೆ ಉತ್ತರ ಭಾರತದ ಮದುವೆ, ಹಬ್ಬ, ಸಿಹಿತಿಂಡಿಗಳಿಗೆ ಒಣಹಣ್ಣಿನ ಗೌರವದೊಡನೆ ಹೋಗುತ್ತದೆ.

ಇದೇ ಗೌರವ ನಮ್ಮನ್ನು ಒಂದು ಬಗೆಯಲ್ಲಿ ಕಟ್ಟಿಹಾಕಿದೆ ಎಂಬುದನ್ನೂ ಹೇಳದೆ ಗತ್ಯಂತರವಿಲ್ಲ. ಒಂದೇ ಸರಕು, ಒಂದೇ ದಿಕ್ಕಿನ ಮಾರುಕಟ್ಟೆ, ಬೆಲೆಯ ನಿರ್ಧಾರ ಬೇರೆಡೆ. 2023ರಲ್ಲಿ ಕೇಂದ್ರ ಸರ್ಕಾರ ಉಂಡೆ ಕೊಬ್ಬರಿಗೆ ಕ್ವಿಂಟಲ್‌ಗೆ 11,750 ರೂಪಾಯಿ ಬೆಂಬಲ ಬೆಲೆ ಘೋಷಿಸಿದ್ದರೂ ಮಾರುಕಟ್ಟೆಯ ಧಾರಣೆ ಹತ್ತು ಸಾವಿರದ ಕೆಳಗೆ ಇಳಿದು, ನಾಫೆಡ್ ಖರೀದಿ ಕೇಂದ್ರಗಳ ಮುಂದೆ ರೈತರು ಸಾಲುಗಟ್ಟಿ ನಿಲ್ಲಬೇಕಾಯಿತು. 2025ರಲ್ಲಿ ಬೆಂಬಲ ಬೆಲೆ 12,100 ರೂಪಾಯಿ ಇದ್ದಾಗ ಮಾರುಕಟ್ಟೆಯ ಧಾರಣೆ ಇಪ್ಪತ್ತು ಸಾವಿರವನ್ನು ದಾಟಿಹೋಯಿತು. ಎರಡೇ ವರ್ಷಗಳಲ್ಲಿ ಸರಕಿನ ಬೆಲೆ ಇಮ್ಮಡಿಯಾಗುವ ಕಡೆ ರವಾನೆದಾರನು ಲೆಕ್ಕ ಹಾಕುವುದಾದರೂ ಹೇಗೆ? ಇಳಿದಾಗ ರೈತ ಸೋಲುತ್ತಾನೆ. ಏರಿದಾಗ ಕಾಯಿ ಕೊಂಡು ಪುಡಿ ಮಾಡುವ ಸಣ್ಣ ಕೈಗಾರಿಕೋದ್ಯಮಿ ಬಾಗಿಲು ಮುಚ್ಚುತ್ತಾನೆ. ಕಾಯಿಯೊಂದರಿಂದ ನಾಲ್ಕಾರು ಬಗೆಯ ಸರಕು ತೆಗೆಯಬಲ್ಲ ಊರಿಗೆ ಈ ಹೊಯ್ದಾಟವನ್ನು ತಡೆದುಕೊಳ್ಳುವ ಶಕ್ತಿ ಇರುತ್ತದೆ. ನಮಗೆ ಇನ್ನೂ ಅದು ಬಂದಿಲ್ಲ.

ಪುಡಿಯ ಕಥೆ

ತೆಂಗಿನಕಾಯಿಯ ಒಣಪುಡಿ, ಅಂದರೆ ನಾವು ಡಿ.ಸಿ. ಪೌಡರ್ ಎಂದು ಕರೆಯುವ ಸರಕು, ತಂತ್ರಜ್ಞಾನ ಹೇಗೆ ದೇಶ ಸುತ್ತುತ್ತದೆ ಎಂಬುದಕ್ಕೆ ಒಳ್ಳೆಯ ನಿದರ್ಶನ. ಹತ್ತೊಂಬತ್ತನೆಯ ಶತಮಾನದ ಕೊನೆಯ ವೇಳೆಗೆ ಸಿಂಹಳದಲ್ಲಿ ಬ್ರಿಟಿಷ್ ವರ್ತಕರು ಇದರ ಕಾರ್ಖಾನೆಗಳನ್ನು ತೆರೆದರು. ಅಮೆರಿಕೆಯ ಫಿಲಡೆಲ್ಫಿಯಾದಲ್ಲಿ ಫ್ರಾಂಕ್ಲಿನ್ ಬೇಕರ್ ಎಂಬ ಹಿಟ್ಟಿನ ವ್ಯಾಪಾರಿಗೆ 1890ರ ದಶಕದಲ್ಲಿ ಕ್ಯೂಬಾದ ಗಿರಾಕಿಯೊಬ್ಬ ಹಣದ ಬದಲು ಒಂದು ಹಡಗು ತೆಂಗಿನಕಾಯಿ ಕಳುಹಿಸಿದನಂತೆ. ಕೊಳ್ಳುವವರಿಲ್ಲದ ಕಾಯಿಯನ್ನು ಆತ ತುರಿದು ಒಣಗಿಸಿ ಮಾರಲು ಹೊರಟು, ಕಡೆಗೆ ಹಿಟ್ಟಿನ ವ್ಯಾಪಾರವನ್ನೇ ಬಿಟ್ಟು ತೆಂಗಿಗೆ ನಿಂತ. ಬಾಕಿ ವಸೂಲಿಗೆ ಸಿಕ್ಕ ಸರಕಿನಿಂದ ಉದ್ಯಮ ಕಟ್ಟಿದ ಈ ವರ್ತಕನ ಕಥೆ ನಮ್ಮ ಮಂಡಿಯವರಿಗೆ ಮೆಚ್ಚುಗೆಯಾದೀತು. 1920ರ ದಶಕದ ಆರಂಭದಲ್ಲಿ ಆ ಕಂಪನಿ ಕಾಯಿ ಬೆಳೆಯುವ ಫಿಲಿಪೈನ್ಸ್‌ನಲ್ಲೇ ಕಾರ್ಖಾನೆ ಹಾಕಿತು. ಕಂಪನಿಯ ಜೊತೆಗೆ ಮೇಸ್ತ್ರಿಗಳು, ರಸಾಯನಶಾಸ್ತ್ರಜ್ಞರು, ಲೆಕ್ಕಪತ್ರದವರು ಹೋದರು. ಫಿಲಿಪಿನೋ ಕೆಲಸಗಾರರು ಅವರಿಂದ ಕಲಿತರು. ಒಣಪುಡಿಯ ರಫ್ತಿನಲ್ಲಿ ಫಿಲಿಪೈನ್ಸ್ ಪ್ರಪಂಚದ ಮುಂಚೂಣಿಗೆ ಬಂದದ್ದರ ಹಿಂದೆ ಈ ಕಲಿಕೆ ಇದೆ.

ನಮ್ಮಲ್ಲಿಗೆ ಪುಡಿಯ ಕಾರ್ಖಾನೆ ಬಂದ ಬಗೆ ಬೇರೆ. ಒಬ್ಬರು ಯಂತ್ರ ತಂದರು. ಪಕ್ಕದವರು ಅದನ್ನು ನೋಡಿ ಅಂತಹುದನ್ನೇ ಮಾಡಿಸಿದರು. ವರ್ಕ್‌ಶಾಪಿನವರು ಅಳತೆ ತೆಗೆದುಕೊಂಡು ಮೂರನೆಯವರಿಗೆ ಮಾಡಿಕೊಟ್ಟರು. ಇದನ್ನು ಹೀನವೆಂದು ನಾನು ತಿಳಿಯುವುದಿಲ್ಲ. ಜಪಾನು, ಕೊರಿಯಾ ದೇಶಗಳು ಬಹುಮಟ್ಟಿಗೆ ಹೀಗೆಯೇ ಬಿಚ್ಚಿ ನೋಡಿ, ಮತ್ತೆ ಜೋಡಿಸಿ ಕಲಿತವು. ಆದರೆ ಕಣ್ಣಿಗೆ ಕಾಣುವ ಭಾಗ ಮಾತ್ರ ಹೀಗೆ ನಕಲಾಗುತ್ತದೆ. ಡ್ರೈಯರಿನ ಉದ್ದಗಲ ಕಾಣುತ್ತದೆ. ಅದರೊಳಗೆ ಯಾವ ಹಂತದಲ್ಲಿ ಎಷ್ಟು ಶಾಖ, ಎಷ್ಟು ಗಾಳಿ ಎಂಬುದು ಕಾಣುವುದಿಲ್ಲ. ತೊಳೆಯುವ ತೊಟ್ಟಿ ಕಾಣುತ್ತದೆ. ನೀರಿನಲ್ಲಿರುವ ಕ್ಲೋರಿನ್ ಪ್ರಮಾಣ ಕಾಣುವುದಿಲ್ಲ. ಅಂತಾರಾಷ್ಟ್ರೀಯ ಆಹಾರ ಸಂಹಿತೆಯಾದ ಕೋಡೆಕ್ಸ್ ಪ್ರಕಾರ ಒಣಪುಡಿಯ ತೇವಾಂಶ ಶೇಕಡ 3ನ್ನು ಮೀರುವಂತಿಲ್ಲ. ಕೈಯಲ್ಲಿ ಹಿಡಿದು ಉಜ್ಜಿ ನೋಡುವ ನಮ್ಮ ಪರೀಕ್ಷೆಗೆ ಶೇಕಡ 3ಕ್ಕೂ 4ಕ್ಕೂ ಇರುವ ವ್ಯತ್ಯಾಸ ತಿಳಿಯದು. ಎರಡು ತಿಂಗಳು ಗೋದಾಮಿನಲ್ಲಿದ್ದ ಚೀಲಕ್ಕೆ ಅದು ಚೆನ್ನಾಗಿ ತಿಳಿಯುತ್ತದೆ.

ಸಿಂಹಳದವರು ಈ ಪಾಠವನ್ನು ಕಷ್ಟದಿಂದ ಕಲಿತರು. 1960ರ ಆಸುಪಾಸಿನಲ್ಲಿ ಅವರ ಪುಡಿಯಲ್ಲಿ ಸಾಲ್ಮೊನೆಲ್ಲಾ ರೋಗಾಣು ಇರುವುದು ಬ್ರಿಟನ್ನಿನಲ್ಲಿ ಪತ್ತೆಯಾಗಿ ಇಡೀ ದೇಶದ ರಫ್ತಿಗೆ ಕಳಂಕ ತಟ್ಟಿತು. ಅಲ್ಲಿನ ಸರ್ಕಾರ ಕಾರ್ಖಾನೆಗಳ ನೈರ್ಮಲ್ಯಕ್ಕೆ ಬಿಗಿ ನಿಯಮ ತಂದಿತು. ನೀರಿನ ಶುದ್ಧೀಕರಣ, ತಿರುಳನ್ನು ಕುದಿನೀರಿನಲ್ಲೋ ಹಬೆಯಲ್ಲೋ ಹಾಯಿಸುವುದು, ಸರಕಿನ ತಪಾಸಣೆ ಇವೆಲ್ಲ ಆ ಉದ್ಯಮದ ಅಂಗವಾದವು. ಇಂದು ಅವರ ಪುಡಿ ನಮ್ಮ ಮಾರುಕಟ್ಟೆಗೂ ಬಂದು ನಮ್ಮೊಡನೆ ಸ್ಪರ್ಧಿಸುತ್ತದೆ. ಭಾರತ–ಶ್ರೀಲಂಕಾ ಮುಕ್ತ ವ್ಯಾಪಾರ ಒಪ್ಪಂದ 2000ದಲ್ಲಿ ಜಾರಿಗೆ ಬಂದ ಮೇಲೆ ಈ ಬಗ್ಗೆ ನಮ್ಮ ದೂರುಗಳು ಹೆಚ್ಚಿದವು; 2020ರಲ್ಲಿ ಕೇಂದ್ರ ಸರ್ಕಾರ ಆಮದು ಪುಡಿಗೆ ಕಿಲೋಗೆ 150 ರೂಪಾಯಿ ಕನಿಷ್ಠ ಆಮದು ಬೆಲೆ ನಿಗದಿ ಮಾಡಿತು. ಇಂತಹ ರಕ್ಷಣೆಯನ್ನು ಕೇಳುವುದು ತಪ್ಪಲ್ಲ. ಆದರೆ ದೇಶದೊಳಗಿನ ಕಾಯಿಯ ಬೆಲೆಯೇ ಇಮ್ಮಡಿಯಾದಾಗ ಅಂತಹ ಗೋಡೆಯ ಎತ್ತರಕ್ಕೆ ಅರ್ಥ ಉಳಿಯುವುದಿಲ್ಲ ಎಂಬುದನ್ನು 2025 ತೋರಿಸಿಕೊಟ್ಟಿದೆ.

ಆನಂದಕ್ಕೆ ಹೋದದ್ದು, ಇಲ್ಲಿಗೆ ಬಾರದ್ದು

ಮೈಸೂರು ಸಂಸ್ಥಾನದ ಚರಿತ್ರೆಯಲ್ಲಿ ನಮಗೆ ಬೇಕಾದ ಉದಾಹರಣೆ ಇದೆ. ಮೊದಲ ಮಹಾಯುದ್ಧದವರೆಗೆ ನಮ್ಮ ಶ್ರೀಗಂಧ ಕೊರಡಾಗಿಯೇ ಹರಾಜಾಗಿ ಹೆಚ್ಚಾಗಿ ಜರ್ಮನಿಯ ಪಾಲಾಗುತ್ತಿತ್ತು. ಎಣ್ಣೆ ತೆಗೆಯುವ ಲಾಭ ಅವರದು. 1914ರಲ್ಲಿ ಯುದ್ಧ ಆರಂಭವಾಗಿ ಕೊಳ್ಳುವವರೇ ಇಲ್ಲದಂತಾದಾಗ ದಿವಾನರಾಗಿದ್ದ ವಿಶ್ವೇಶ್ವರಯ್ಯನವರು ಕೈಕಟ್ಟಿ ಕೂರಲಿಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ಎಣ್ಣೆ ಬಟ್ಟಿ ಇಳಿಸುವ ಪ್ರಯೋಗ ಮಾಡಿದರು. 1916ರಲ್ಲಿ ಬೆಂಗಳೂರಿನಲ್ಲಿ ಸಣ್ಣ ಪ್ರಮಾಣದಲ್ಲಿ ಎಣ್ಣೆ ತೆಗೆಯುವುದು ಆರಂಭವಾಗಿ, ಅದು ಗೆದ್ದ ಮೇಲೆ ಮೈಸೂರಿನಲ್ಲಿ ದೊಡ್ಡ ಕಾರ್ಖಾನೆ ಎದ್ದಿತು. ಸಾಬೂನು ತಯಾರಿಕೆ ಕಲಿಯಲೆಂದು ಎಸ್.ಜಿ. ಶಾಸ್ತ್ರಿಗಳನ್ನು ಇಂಗ್ಲೆಂಡಿಗೆ ಕಳುಹಿಸಲಾಯಿತು. ಅವರು ಹಿಂದಿರುಗಿ ಗಂಧದ ಸಾಬೂನನ್ನು ರೂಪಿಸಿದರು. ಮೊದಲು ಪ್ರಯೋಗ, ಆಮೇಲೆ ಸಣ್ಣ ಘಟಕ, ಜೊತೆಗೆ ಒಬ್ಬ ಮನುಷ್ಯನಿಗೆ ತರಬೇತಿ, ಆನಂತರ ದೊಡ್ಡ ಕಾರ್ಖಾನೆ ಎಂಬ ಅನುಕ್ರಮವನ್ನು ಓದುಗರು ಗಮನಿಸಬೇಕು. ಅದೇ 1916ರಲ್ಲಿ ವಿಶ್ವೇಶ್ವರಯ್ಯನವರ ಪ್ರೇರಣೆಯಿಂದ ಮೈಸೂರು ವಾಣಿಜ್ಯ ಮಂಡಳಿಯೂ ಸ್ಥಾಪನೆಯಾಯಿತೆಂಬುದು ಕಾಕತಾಳೀಯವಲ್ಲ. ವರ್ತಕರ ಸಂಘ ಅಹವಾಲು ಸಲ್ಲಿಸುವ ಸಂಸ್ಥೆಯಾಗಿ ಮಾತ್ರ ಉಳಿಯಬಾರದೆಂದು ಅವರ ಆಶಯವಿತ್ತು.

ಇನ್ನೊಂದು ಉದಾಹರಣೆಯನ್ನು ನೋಡೋಣ. 1950ರಲ್ಲಿ ಮೈಸೂರಿನ ಚೆಲುವಾಂಬ ಮಹಲಿನಲ್ಲಿ ಕೇಂದ್ರೀಯ ಆಹಾರ ತಾಂತ್ರಿಕ ಸಂಶೋಧನಾಲಯ ಆರಂಭವಾಯಿತು. ಎಮ್ಮೆಯ ಹಾಲಿನಿಂದ ಮಕ್ಕಳ ಆಹಾರ ತಯಾರಿಸುವುದು ಸಾಧ್ಯವಿಲ್ಲವೆಂದು ಪಾಶ್ಚಾತ್ಯ ಪರಿಣತರು ಹೇಳುತ್ತಿದ್ದ ಕಾಲದಲ್ಲಿ ಅಲ್ಲಿನ ವಿಜ್ಞಾನಿಗಳು ಅದನ್ನು ಸಾಧಿಸಿದರು. ಆ ವಿದ್ಯೆ ಗುಜರಾತಿನ ಆನಂದದ ಹಾಲು ಉತ್ಪಾದಕರ ಸಹಕಾರ ಸಂಘಕ್ಕೆ ಹೋಗಿ ಅಮುಲ್ ಹೆಸರಿನ ಶಿಶು ಆಹಾರವಾಗಿ ದೇಶದ ಮನೆಮನೆ ತಲುಪಿತು. ಮೈಸೂರಿನಿಂದ ಆನಂದಕ್ಕೆ ಎಷ್ಟು ದೂರ, ತಿಪಟೂರಿಗೆ ಎಷ್ಟು ದೂರ? ಅದೇ ಸಂಶೋಧನಾಲಯದಲ್ಲಿ ತೆಂಗಿನ ಹಾಲಿನ ಪುಡಿ, ಹಸಿಕಾಯಿಯಿಂದ ತೆಗೆಯುವ ಶುದ್ಧ ಎಣ್ಣೆ ಮೊದಲಾದವುಗಳ ವಿಧಾನಗಳು ರೂಪುಗೊಂಡು ಶುಲ್ಕ ತೆತ್ತವರಿಗೆ ದೊರೆಯುತ್ತಿವೆ. ಮೈಸೂರಿನಲ್ಲೇ ಇರುವ ರಕ್ಷಣಾ ಆಹಾರ ಸಂಶೋಧನಾಲಯವು ಎಳನೀರನ್ನು ಕೆಡದಂತೆ ಪೊಟ್ಟಣ ಕಟ್ಟುವ ವಿಧಾನವನ್ನು ತೆಂಗು ಅಭಿವೃದ್ಧಿ ಮಂಡಳಿಯ ಸಹಯೋಗದಲ್ಲಿ ರೂಪಿಸಿತು. ಕಾಸರಗೋಡಿನಲ್ಲಿ 1916ರಲ್ಲಿ ತೆಂಗಿನ ಸಂಶೋಧನಾ ಕೇಂದ್ರವಾಗಿ ಹುಟ್ಟಿ ಇಂದು ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿರುವಲ್ಲಿ ತೆಂಗಿನ ಚಿಪ್ಸ್, ತಣ್ಣಗಿಟ್ಟು ಇಳಿಸುವ ಕಲ್ಪರಸ, ಹೊಗೆಯಿಲ್ಲದ ಕೊಬ್ಬರಿ ಡ್ರೈಯರುಗಳ ತಂತ್ರಜ್ಞಾನ ಸಿದ್ಧವಾಗಿದೆ.

ಆನಂದಕ್ಕೆ ವಿದ್ಯೆ ಹೋದದ್ದೇಕೆ ಎಂದು ಯೋಚಿಸಿದರೆ ಉತ್ತರ ಸ್ಪಷ್ಟ. ಅಲ್ಲಿ ಸ್ವೀಕರಿಸುವವರಿದ್ದರು. ಹಾಲಿನ ಪುಡಿಯ ಯಂತ್ರವನ್ನು ಬಲ್ಲ ತಂತ್ರಜ್ಞರು ಸಂಘದ ನೌಕರಿಯಲ್ಲಿದ್ದರು. ಪ್ರಯೋಗಕ್ಕೆ ಬೇಕಾದಷ್ಟು ಹಾಲು, ನಷ್ಟವಾದರೆ ಹಂಚಿಕೊಳ್ಳುವ ಸಾವಿರಾರು ಸದಸ್ಯರು, ತಯಾರಾದ ಸರಕಿಗೆ ಒಂದೇ ಹೆಸರು ಇವೆಲ್ಲ ಇದ್ದವು. ನಮ್ಮಲ್ಲಿ ಒಬ್ಬೊಬ್ಬ ಉದ್ಯಮಿ ಒಬ್ಬೊಬ್ಬನಾಗಿ ಮೈಸೂರಿಗೆ ಹೋಗುತ್ತಾನೆ. ಅಲ್ಲಿ ಎರಡು ದಿನದ ತರಬೇತಿ, ಒಂದು ಕೈಪಿಡಿ, ಒಂದು ಪ್ರಮಾಣಪತ್ರ ದೊರೆಯುತ್ತದೆ. ಊರಿಗೆ ಬಂದು ಯಂತ್ರದ ಬೆಲೆ ವಿಚಾರಿಸಿ, ಬ್ಯಾಂಕಿನವರು ಕೇಳುವ ಆಧಾರ ನೋಡಿ, ಕೈಪಿಡಿಯನ್ನು ಬೀರುವಿನಲ್ಲಿಡುತ್ತಾನೆ. ಧೈರ್ಯ ಮಾಡಿ ಮುಂದುವರಿದವನಿಗೂ ಮೊದಲ ವರ್ಷದಲ್ಲಿ ಯಂತ್ರ ಕೆಟ್ಟಾಗ ಕೊಯಮತ್ತೂರಿನಿಂದ ಫಿಟ್ಟರ್ ಬರುವವರೆಗೆ ಕಾಯಿ ಕೊಳೆಯುತ್ತದೆ. ಅವನ ಸೋಲನ್ನು ನೋಡಿದ ಹತ್ತು ಮಂದಿ ಆ ಗೊಡವೆಯೇ ಬೇಡವೆಂದು ಕೊಬ್ಬರಿ ರವಾನೆಗೆ ಮರಳುತ್ತಾರೆ.

ತಂತ್ರಜ್ಞಾನವನ್ನು ಒಮ್ಮೆ ತಂದರೆ ಸಾಲದು ಎಂಬುದಕ್ಕೂ ನಮ್ಮ ಜಿಲ್ಲೆಯಲ್ಲೇ ಸಾಕ್ಷಿಯಿದೆ. ಎಚ್.ಎಂ.ಟಿ. ಸಂಸ್ಥೆ ಜಪಾನಿನ ಸಿಟಿಜನ್ ಕಂಪನಿಯ ಸಹಯೋಗದಿಂದ 1961ರಲ್ಲಿ ಬೆಂಗಳೂರಿನಲ್ಲಿ ಕೈಗಡಿಯಾರದ ತಯಾರಿಕೆ ಆರಂಭಿಸಿತು. 1978ರಲ್ಲಿ ತುಮಕೂರಿನಲ್ಲೂ ಕಾರ್ಖಾನೆ ತೆರೆಯಿತು. ನಮ್ಮ ಸೀಮೆಯ ಎಷ್ಟೋ ಕುಟುಂಬಗಳು ಅದರಿಂದ ಬಾಳಿ ಬದುಕಿದವು. ಮಾರುಕಟ್ಟೆ ಕ್ವಾರ್ಟ್ಜ್ ಗಡಿಯಾರದತ್ತ ಹೊರಳಿದಾಗ ಕೀಲಿ ಕೊಡುವ ಗಡಿಯಾರದ ವೈಭವದಿಂದ ಸಂಸ್ಥೆ ಸಕಾಲದಲ್ಲಿ ಹೊರಬರಲಿಲ್ಲ. 2016ರಲ್ಲಿ ಗಡಿಯಾರದ ವಿಭಾಗವನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ ಒಪ್ಪಿಗೆ ನೀಡಿತು. ತುಮಕೂರಿನ ಆ ಜಾಗ ಇಸ್ರೋಗೆ ಸೇರಿತು. ಕಾರ್ಖಾನೆ ಮುಚ್ಚಿದರೂ ಅಲ್ಲಿ ಪಳಗಿದ ಕೈಗಳು ನಮ್ಮ ಜಿಲ್ಲೆಯ ವರ್ಕ್‌ಶಾಪುಗಳಲ್ಲಿ ಇಂದಿಗೂ ಕಾಣಸಿಗುತ್ತವೆ. ಪರರಿಂದ ಬಂದ ವಿದ್ಯೆಯಲ್ಲಿ ಕೊನೆಗೂ ಉಳಿಯುವುದು ಇದೇ ಎಂದು ನನಗೆ ತೋರುತ್ತದೆ.

ಚಿಪ್ಪು, ಮಟ್ಟೆ, ನೀರು

ಚಿಪ್ಪಿನ ವಿಚಾರ ಹೇಳಿ ಮುಗಿಸಬಹುದಾದಷ್ಟು ಸರಳ. ಸುಮಾರು ಮೂರು ಟನ್ ಚಿಪ್ಪು ಸುಟ್ಟರೆ ಒಂದು ಟನ್ ಇದ್ದಿಲು. ಅಂತಹ ಸುಮಾರು ಮೂರು ಟನ್ ಇದ್ದಿಲಿಗೆ ಹೆಚ್ಚಿನ ಶಾಖದಲ್ಲಿ ಹಬೆ ಹಾಯಿಸಿದರೆ ಒಂದು ಟನ್ ಸಕ್ರಿಯ ಇಂಗಾಲ. ನೀರಿನ ಶುದ್ಧೀಕರಣಕ್ಕೂ ಚಿನ್ನದ ಗಣಿಗಳಿಗೂ ಬೇಕಾದ ಈ ವಸ್ತುವಿನಲ್ಲಿ ಶ್ರೀಲಂಕಾ ಹೆಸರು ಮಾಡಿದ್ದು 1973ರಲ್ಲಿ ಹೇಕಾರ್ಬ್ ಎಂಬ ಕಂಪನಿ ಸ್ಥಾಪನೆಯಾದ ಮೇಲೆ. ಅದಕ್ಕೆ ಮೊದಲು ಅವರೂ ಇದ್ದಿಲನ್ನೇ ಹಡಗಿಗೆ ತುಂಬುತ್ತಿದ್ದರು. ನಮ್ಮ ಬಹುಪಾಲು ಚಿಪ್ಪು ಚಿಪ್ಪಾಗಿಯೋ ಇದ್ದಿಲಾಗಿಯೋ ತಮಿಳುನಾಡಿನ ಲಾರಿ ಹತ್ತುತ್ತದೆ. ಸಕ್ರಿಯ ಇಂಗಾಲದ ಕಾರ್ಖಾನೆಗೆ ದೊಡ್ಡ ಬಂಡವಾಳ ಬೇಕು. ಸಣ್ಣವರು ಅದರ ಕನಸು ಕಾಣುವುದು ಸಲ್ಲ. ಆದರೆ ತೋಟದ ಗುಂಡಿಯಲ್ಲಿ ಸುಟ್ಟು ಊರಿಗೆಲ್ಲ ಹೊಗೆ ಹಬ್ಬಿಸುವ ಬದಲು ಮುಚ್ಚಿದ ಗೂಡುಗಳಲ್ಲಿ ಸುಟ್ಟು, ಹೊರಬರುವ ಅನಿಲವನ್ನು ಪುಡಿಯ ಡ್ರೈಯರಿಗೆ ಉರುವಲಾಗಿ ಬಳಸುವುದು ನಮ್ಮ ಕೈಗೆಟುಕುವ ಮಾತು. ಸೌದೆಗಾಗಿ ಖರ್ಚು ಮಾಡುವ ಘಟಕದ ಪಕ್ಕದಲ್ಲೇ ಉರಿಯಬಲ್ಲ ಅನಿಲ ಆಕಾಶಕ್ಕೆ ಹೋಗುತ್ತಿದೆ.

ಮಟ್ಟೆಯದೂ ಹೀಗೆಯೇ. ನಾರು ತೆಗೆದಾಗ ನಾರಿಗಿಂತ ಇಮ್ಮಡಿ ತೂಕದ ನಾರಿನ ಪುಡಿ ಉಳಿಯುತ್ತದೆ. ಹಿಂದೆ ರಸ್ತೆ ಬದಿಯಲ್ಲಿ ಗುಡ್ಡೆಯಾಗಿ ಬಿದ್ದು ಬೆಂಕಿ ಹಿಡಿಯುತ್ತಿದ್ದ ಅದೇ ಪುಡಿಯನ್ನು ತೊಳೆದು, ಒಣಗಿಸಿ, ಇಟ್ಟಿಗೆ ಮಾಡಿ ಪೊಳ್ಳಾಚಿಯವರು ಹೊರದೇಶಗಳ ಹಸಿರುಮನೆಗಳಿಗೆ ಕಳುಹಿಸುತ್ತಿದ್ದಾರೆ. ಅವರಿಗಿಂತ ನಮ್ಮ ಮಟ್ಟೆ ಕೀಳಲ್ಲ. ತೊಳೆಯುವ ನೀರು ಮತ್ತು ಲವಣಾಂಶ ಅಳೆಯುವ ಶಿಸ್ತು ನಮಗೆ ಸಾಲದು. ನೀರಿಗೆ ಬರಗಾಲವಿರುವ ಚಿಕ್ಕನಾಯಕನಹಳ್ಳಿಯ ಕಡೆ ಇದನ್ನು ಮಾಡುವವರು ಬಳಸಿದ ನೀರನ್ನೇ ಮತ್ತೆ ಬಳಸುವ ಏರ್ಪಾಡನ್ನು ಮೊದಲು ಯೋಚಿಸಬೇಕು.

ನೀರಾ ಕುರಿತು ಹೆಚ್ಚು ಬರೆಯಲು ಮನಸ್ಸಿಲ್ಲ. 1998ರಲ್ಲಿ ಕೇರಳದಲ್ಲಿ ಕಾಣಿಸಿಕೊಂಡ ನುಸಿ ಪೀಡೆ ನಮ್ಮ ತೋಟಗಳಿಗೂ ಹಬ್ಬಿ ಕಾಯಿ ಸಣ್ಣದಾದಾಗ ರೈತರು ನೀರಾ ಇಳಿಸಲು ಅನುಮತಿ ಕೇಳಿದರು. 2001ರಲ್ಲಿ ಚನ್ನಪಟ್ಟಣ ತಾಲ್ಲೂಕಿನ ವಿಠಲೇನಹಳ್ಳಿಯಲ್ಲಿ ಅದಕ್ಕಾಗಿ ಗೋಲಿಬಾರಾಗಿ ರೈತರು ಪ್ರಾಣ ತೆತ್ತರು. ಕಾನೂನಿನ ಬಾಗಿಲು ತೆರೆಯಲು ಮತ್ತೆ ಒಂದೂವರೆ ದಶಕದಷ್ಟು ಕಾಲ ಹಿಡಿಯಿತು. ತಂತ್ರಜ್ಞಾನ ಸಿದ್ಧವಿದ್ದೂ ಕಾಯಿದೆ ಅಡ್ಡ ನಿಂತ ಪ್ರಸಂಗವಿದು.

ನಾನು ಎಲ್ಲಕ್ಕಿಂತ ಹೆಚ್ಚು ಮಹತ್ವ ಕೊಡುವುದು ಪುಡಿಯ ಕಾರ್ಖಾನೆಗಳ ಕಾಯಿನೀರಿಗೆ. ಯಾವುದೇ ಘಟಕದ ಹಿಂಬಾಗಿಲಿಗೆ ಹೋಗಿ ನೋಡಿದರೂ ಸಾವಿರಾರು ಕಾಯಿಗಳ ನೀರು ಒಂದೇ ಬೆಳಗಿನಲ್ಲಿ ಮೋರಿಗೆ ಹರಿಯುವುದು ಕಾಣುತ್ತದೆ. ಮಧ್ಯಾಹ್ನಕ್ಕೆ ಅದು ಹುಳಿ ಬಂದು ನಾರುತ್ತದೆ. ಅಕ್ಕಪಕ್ಕದ ಹೊಲದವರು ದೂರುತ್ತಾರೆ. ಮಾಲಿನ್ಯ ನಿಯಂತ್ರಣ ಮಂಡಳಿಯ ನೋಟೀಸು ಬರುತ್ತದೆ. ಅದೇ ಬಲಿತ ಕಾಯಿಯ ನೀರಿನಿಂದ ವಿನೆಗರ್ ಮಾಡುವುದು ಹಳೆಯ ವಿದ್ಯೆ; ಸಕ್ಕರೆ ಬೆರೆಸಿ ಹುದುಗಿಸಿ ಫಿಲಿಪೈನ್ಸ್‌ನವರು ನಾಟಾ ಡಿ ಕೋಕೊ ಎಂಬ ಅಗಿಯುವ ಸಿಹಿಪದಾರ್ಥ ಮಾಡಿ ಜಗತ್ತಿಗೆಲ್ಲ ಮಾರುತ್ತಾರೆ; ಸೋಸಿ, ಸಾಂದ್ರಗೊಳಿಸಿ ಪಾನೀಯದ ಕಂಪನಿಗಳಿಗೆ ಕೊಡುವವರೂ ಇದ್ದಾರೆ. ವಿನೆಗರ್‌ಗೆ ಭಾರಿ ಯಂತ್ರ ಬೇಡ. ಬೇಕಾದದ್ದು ಶುಚಿಯಾಗಿ ನೀರು ಹಿಡಿಯುವ ಕ್ರಮ, ಒಳ್ಳೆಯ ಹೆಪ್ಪು, ಆಮ್ಲಾಂಶ ಅಳೆಯಬಲ್ಲ ಒಬ್ಬ ವಿಜ್ಞಾನ ಪದವೀಧರ. ಒಂದು ಘಟಕದ ನೀರು ಸಾಲದಿದ್ದರೆ ಹತ್ತು ಘಟಕಗಳ ನೀರನ್ನು ಟ್ಯಾಂಕರಿನಲ್ಲಿ ಒಂದೆಡೆ ತರಬಹುದು. ಆದರೆ ಕಾಯಿ ಒಡೆದ ಮೂರು ನಾಲ್ಕು ಗಂಟೆಗಳೊಳಗೆ ತರಬೇಕು. ಇಷ್ಟನ್ನು ಮಾಡಲು ಹತ್ತು ಜನ ಉದ್ಯಮಿಗಳು ಒಂದೇ ಗಡಿಯಾರ ನೋಡಿ ಕೆಲಸ ಮಾಡಬೇಕಾಗುತ್ತದೆ. ನಮ್ಮಲ್ಲಿ ಕಷ್ಟವಾಗಿರುವುದು ಇದು ಎಂದರೆ ಮಿತ್ರರು ಬೇಸರಿಸಬಾರದು.

ಒಪ್ಪಂದದ ಕಾಗದದಲ್ಲಿ ಏನಿರಬೇಕು

ಹೊಸ ತಂತ್ರಜ್ಞಾನ ಕೊಳ್ಳುವಾಗ ನಮ್ಮವರು ಬೆಲೆಯ ಬಗ್ಗೆ ಗಂಟೆಗಟ್ಟಲೆ ಚೌಕಾಸಿ ಮಾಡುತ್ತಾರೆ. ಉಳಿದ ಷರತ್ತುಗಳನ್ನು ಓದದೆ ಸಹಿ ಹಾಕುತ್ತಾರೆ. ಸಂಶೋಧನಾಲಯದ ಪರವಾನಗಿಗಳು ಸಾಮಾನ್ಯವಾಗಿ ಒಬ್ಬರಿಗೇ ಮೀಸಲಾದವುಗಳಲ್ಲ. ನಿಮಗೆ ಕೊಟ್ಟ ವಿಧಾನವನ್ನು ನಾಳೆ ಪೊಳ್ಳಾಚಿಯವರಿಗೂ ಕೊಡುತ್ತಾರೆ. ಅದರಲ್ಲಿ ತಪ್ಪೇನಿಲ್ಲ. ಆದ್ದರಿಂದಲೇ ಶುಲ್ಕ ತೆರುವ ಮೊದಲು ನಮ್ಮ ಕಾಯಿಯನ್ನೇ ಅಲ್ಲಿಗೆ ಒಯ್ದು, ನಮ್ಮ ಮುಂದೆಯೇ ಪ್ರಯೋಗ ಮಾಡಿ ತೋರಿಸಲು ಕೇಳಬೇಕು. ಬೇರೆ ತಳಿಯ ಕಾಯಿಗೆ ಹೊಂದಿದ ಲೆಕ್ಕ ತಿಪಟೂರಿನ ಕಾಯಿಗೆ ಹಾಗೆಯೇ ಹೊಂದಬೇಕೆಂದಿಲ್ಲ. ಯಂತ್ರ ಮಾರುವವರಿಂದ ಗಂಟೆಗೆ ಇಷ್ಟು ಕಿಲೋ ಎಂಬ ಮಾತಿನ ಜೊತೆಗೆ ಎಷ್ಟು ತೇವಾಂಶದಲ್ಲಿ, ಎಷ್ಟು ವಿದ್ಯುತ್ತಿನಲ್ಲಿ, ದಿನಕ್ಕೆ ಎಷ್ಟು ಬಾರಿ ವಿದ್ಯುತ್ ಹೋಗುವ ಊರಿನಲ್ಲಿ ಎಂಬುದನ್ನೂ ಬರೆಸಿಕೊಳ್ಳಬೇಕು. ಕೊನೆಯ ಕಂತಿನ ಹಣವನ್ನು ಯಂತ್ರ ಒಂದು ಹಂಗಾಮು ಓಡಿದ ಮೇಲೆ ಕೊಡುವುದೆಂದು ಷರತ್ತಿರಲಿ. ಸವೆಯುವ ಬಿಡಿಭಾಗಗಳ ನಕ್ಷೆಗಳನ್ನು ಕೇಳಿ ಪಡೆಯಬೇಕು. ಅವು ಕೈಯಲ್ಲಿದ್ದರೆ ನಮ್ಮ ವರ್ಕ್‌ಶಾಪಿನವರು ಎರಡು ದಿನದಲ್ಲಿ ಮಾಡಿಕೊಡುತ್ತಾರೆ. ಎಲ್ಲಕ್ಕಿಂತ ಮುಖ್ಯವಾಗಿ, ತರಬೇತಿಗೆ ಮಾಲೀಕರು ಹೋಗುವುದಕ್ಕಿಂತ ಯಂತ್ರದ ಪಕ್ಕದಲ್ಲಿ ನಿಲ್ಲುವ ಹುಡುಗನನ್ನು ಕಳುಹಿಸುವುದು ಮೇಲು. ಅವನು ಕಲಿತು ಬಂದ ಮೇಲೆ ಸಂಬಳ ಹೆಚ್ಚು ಕೇಳುತ್ತಾನೆಂಬ ಭಯ ಕೆಲವರಿಗಿದೆ. ಕೇಳಲಿ, ಕೊಡೋಣ. ಡ್ರೈಯರಿನ ಒಂದು ದಿನದ ಸರಕು ಕರಟಿಹೋದರೆ ಆಗುವ ನಷ್ಟಕ್ಕಿಂತ ಅದು ಕಡಿಮೆ.

ಸಂಸ್ಥೆಯಿಂದ ಆಗಬೇಕಾದ ಕೆಲಸ

2020ರಲ್ಲಿ ಆರಂಭವಾದ ಕಿರು ಆಹಾರ ಸಂಸ್ಕರಣಾ ಉದ್ದಿಮೆಗಳ ಪ್ರಧಾನಮಂತ್ರಿ ಯೋಜನೆಯಡಿ ತುಮಕೂರು ಜಿಲ್ಲೆಗೆ ತೆಂಗಿನ ಉತ್ಪನ್ನಗಳನ್ನೇ ಗುರುತಿಸಲಾಗಿದೆ. ಆ ಯೋಜನೆಯಲ್ಲಿ ಒಂಟಿ ಉದ್ದಿಮೆದಾರರಿಗೆ ಸಾಲದೊಡನೆ ಸಹಾಯಧನವಿರುವಂತೆ ಸಾಮೂಹಿಕ ಸೌಲಭ್ಯ ಕೇಂದ್ರಗಳಿಗೂ ಅವಕಾಶವಿದೆ. ಕೇಂದ್ರದ ಸಣ್ಣ ಉದ್ದಿಮೆಗಳ ಸಚಿವಾಲಯದ ಕ್ಲಸ್ಟರ್ ಯೋಜನೆಯಲ್ಲಿಯೂ ಅಂತಹುದೇ ನೆರವು ಇದೆ. ನಮ್ಮವರು ಮೊದಲನೆಯದಕ್ಕೆ ಅರ್ಜಿ ಹಾಕಲು ತೋರುವ ಉತ್ಸಾಹವನ್ನು ಎರಡನೆಯದಕ್ಕೆ ತೋರುವುದಿಲ್ಲ. ಸಹಾಯಧನ ನನ್ನ ಶೆಡ್ಡಿಗೆ ಬರಲಿ, ಪ್ರಯೋಗಾಲಯ ಬೇಕಾದರೆ ಸರ್ಕಾರ ಕಟ್ಟಲಿ ಎಂಬ ಮನೋಭಾವ ಸರಿಯಲ್ಲವೆಂದು ನನ್ನ ಅಭಿಪ್ರಾಯ.

ತಿಪಟೂರಿನಲ್ಲಿ ಇಂಜಿನಿಯರಿಂಗ್ ಕಾಲೇಜಿದೆ. ಕೋನೇಹಳ್ಳಿಯಲ್ಲಿ ಕೃಷಿ ವಿಜ್ಞಾನ ಕೇಂದ್ರವಿದೆ. ಈ ಎರಡರ ಪೈಕಿ ಒಂದರ ಆವರಣದಲ್ಲಿ ನಮ್ಮ ಸಂಸ್ಥೆಯ ಉಸ್ತುವಾರಿಯಲ್ಲಿ ಒಂದು ಸಣ್ಣ ಪರೀಕ್ಷಾ ಕೊಠಡಿ ಮತ್ತು ದಿನಕ್ಕೆ ಕೆಲವು ನೂರು ಕಾಯಿಗಳಷ್ಟೇ ಹಿಡಿಯುವ ಒಂದು ಪ್ರಾಯೋಗಿಕ ಘಟಕ ಬೇಕು. ತೇವಾಂಶ, ಎಣ್ಣೆಯಂಶ, ಆಮ್ಲಾಂಶ, ರೋಗಾಣು ಇಷ್ಟರ ಪರೀಕ್ಷೆ ಊರಿನಲ್ಲೇ ಆಗುವಂತಿರಬೇಕು. ಮಾದರಿಯನ್ನು ಬೆಂಗಳೂರಿಗೆ ಕಳುಹಿಸಿ ಫಲಿತಾಂಶ ಬರುವಷ್ಟರಲ್ಲಿ ಲಾರಿ ದೆಹಲಿ ಸೇರಿರುತ್ತದೆ. ಸೂಕ್ಷ್ಮಾಣು ಪರೀಕ್ಷೆಗೆ ಕೆಲವು ದಿನ ಬೇಕೇ ಬೇಕು, ನಿಜ. ಆದರೆ ತೇವಾಂಶ ತಿಳಿಯಲು ಅರ್ಧ ಗಂಟೆ ಸಾಕು, ಹಿಂದಕ್ಕೆ ಬರುವ ಸರಕಿನಲ್ಲಿ ಬಹುಪಾಲು ಅದೊಂದರಿಂದಲೇ ಉಳಿಯುತ್ತದೆ. ಹೊಸ ಪದಾರ್ಥ ಮಾಡಬೇಕೆನ್ನುವ ಯುವಕ ಲಕ್ಷಾಂತರ ಸಾಲ ಮಾಡುವ ಮೊದಲು ಆ ಪ್ರಾಯೋಗಿಕ ಘಟಕದಲ್ಲಿ ಬಾಡಿಗೆ ಕೊಟ್ಟು ಒಂದು ತಿಂಗಳು ಮಾಡಿ, ಅಂಗಡಿಗಳಿಗೆ ಹಾಕಿ ನೋಡಲಿ. ಸೋತರೆ ಒಂದು ತಿಂಗಳ ಬಾಡಿಗೆ ಹೋಗುತ್ತದೆ, ತೋಟ ಉಳಿಯುತ್ತದೆ. ಪರವಾನಗಿಯನ್ನೂ ಸಂಸ್ಥೆಯ ಹೆಸರಿನಲ್ಲೇ ಒಟ್ಟಾಗಿ ಪಡೆಯಲು ಸಾಧ್ಯವೇ ಎಂದು ಮೈಸೂರು ಮತ್ತು ಕಾಸರಗೋಡಿನವರೊಡನೆ ಮಾತನಾಡಬೇಕು.

ಹಣದ ಪ್ರಶ್ನೆ ಬರುತ್ತದೆ. ಸರ್ಕಾರದ ನೆರವು ಬಂದ ಮೇಲೆ ಆರಂಭಿಸೋಣ ಎಂದರೆ ಇನ್ನೂ ಐದು ವರ್ಷ ಹೋಗುತ್ತದೆ. ಉದ್ಯಮಿಗಳು ತಮ್ಮ ಘಟಕದಿಂದ ಹೊರಹೋಗುವ ಪ್ರತಿ ಕ್ವಿಂಟಲ್ ಪುಡಿಗೆ ಐದು ರೂಪಾಯಿ, ರವಾನೆದಾರರು ಪ್ರತಿ ಕ್ವಿಂಟಲ್ ಕೊಬ್ಬರಿಗೆ ಎರಡು ರೂಪಾಯಿ ಎತ್ತಿಟ್ಟರೆ ತೇವಾಂಶದ ಯಂತ್ರ, ತಕ್ಕಡಿ, ಒಬ್ಬ ರಸಾಯನಶಾಸ್ತ್ರ ಪದವೀಧರೆಯ ವರ್ಷದ ಸಂಬಳ ಇವುಗಳಿಗೆ ದಾರಿಯಾಗುತ್ತದೆ. ಇಪ್ಪತ್ತು ಸಾವಿರದ ಧಾರಣೆ ಕಂಡ ಸರಕಿನಲ್ಲಿ ಎರಡು ರೂಪಾಯಿ ಹೊರೆಯೆಂದು ಯಾರೂ ಹೇಳಲಾರರು. ಕಾಯಿನೀರಿನ ಪ್ರಯೋಗವನ್ನು ಬೇಸಿಗೆಯಲ್ಲಿ, ಕಾಯಿ ಹೆಚ್ಚು ಬರುವ ತಿಂಗಳುಗಳಲ್ಲಿ, ಪರಸ್ಪರ ಹತ್ತಿರವಿರುವ ಮೂರು ನಾಲ್ಕು ಘಟಕಗಳಿಂದ ಆರಂಭಿಸಬಹುದು. ಸಂಸ್ಥೆಯ ಮುಂದಿನ ಕಾರ್ಯಕಾರಿ ಸಮಿತಿ ಸಭೆಯಲ್ಲಿ ಈ ವಿಷಯವನ್ನು ಚರ್ಚೆಗೆ ಇಡಬೇಕೆಂದು ಕೋರುತ್ತೇನೆ. ನೀರು ಕೊಡಲು ಒಪ್ಪುವ ಘಟಕಗಳವರು ತಮ್ಮಲ್ಲಿ ದಿನಕ್ಕೆ ಎಷ್ಟು ಕಾಯಿ ಒಡೆಯುತ್ತದೆ, ಬೆಳಗ್ಗೆ ಎಷ್ಟು ಗಂಟೆಗೆ ಕೆಲಸ ಆರಂಭವಾಗುತ್ತದೆ ಎಂಬ ಎರಡು ವಿವರಗಳನ್ನು ಅಷ್ಟರೊಳಗೆ ಕಾರ್ಯದರ್ಶಿಯವರಿಗೆ ಬರೆದು ತಿಳಿಸಿದರೆ ಟ್ಯಾಂಕರಿನ ಲೆಕ್ಕ ಹಾಕಲು ಅನುಕೂಲವಾಗುತ್ತದೆ.